ಹತ್ತು ವರ್ಷದ ಅನುಭವ, ಖಾಲಿ ಉಳಿದ ಒಂದು ಕಾಲಂ

(ಸಲಹೆಗೆ ಬಂದವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಂಜುನಾಥ ಅವರಿಗೆ 33 ವರ್ಷ. ನನ್ನ ಬಳಿ ಸಲಹೆಗೆ ಬಂದಾಗ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಲಿನಕ್ಸ್ (ಕಂಪ್ಯೂಟರನ್ನು ನಡೆಸುವ ಒಂದು ಮೂಲ ತಂತ್ರಾಂಶ) ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಕೆಲಸ ಅಲ್ಲಿಯದಾದರೂ ಸಂಬಳ ಕೊಡುತ್ತಿದ್ದುದು ಗುತ್ತಿಗೆ ಸಂಸ್ಥೆಯೊಂದು. ಪಿಯುಸಿ ವಿಜ್ಞಾನ ಮುಗಿದ ವರ್ಷವೇ ತಂದೆ ಹಾಸಿಗೆ ಹಿಡಿದದ್ದರಿಂದ ಇಂಜಿನಿಯರಿಂಗ್ ಬಿಟ್ಟು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು. ಸಹಾಯವಾಣಿಯಲ್ಲಿ ಪಾಸ್‌ವರ್ಡ್ ಬದಲಿಸಿಕೊಡುವ ಕೆಲಸದಿಂದ ಶುರು ಮಾಡಿ ಇಲ್ಲಿಯವರೆಗೆ ಬಂದಿದ್ದಾರೆ.

ಅವರನ್ನು ಕರೆತಂದವರು ಪತ್ನಿ. "ಇವರು ರಾತ್ರಿ ಎರಡು ಗಂಟೆಯವರೆಗೆ ನೌಕರಿಯ ಜಾಹೀರಾತು ನೋಡುತ್ತಾ ಕೂರುತ್ತಾರೆ, ಮೇಡಂ. ನನ್ನ ತಮ್ಮನ ಮದುವೆಗೂ ಬರಲಿಲ್ಲ. ಯಾವ ಕಂಪನಿ, ಏನು ಹುದ್ದೆ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ" ಎಂದರು. ನಾನು ಮೊದಲು ನಿದ್ದೆ, ಹಸಿವು ಹೇಗಿದೆ, ಬದುಕು ಬೇಡವೆನ್ನಿಸುವುದುಂಟೇ ಎಂದು ಮಂಜುನಾಥ ಅವರನ್ನೇ ಪ್ರತ್ಯೇಕವಾಗಿ ಕೇಳಿದೆ. ನಿದ್ದೆ ಕೆಟ್ಟಿತ್ತು, ಸಿಟ್ಟು ಹೆಚ್ಚಿತ್ತು. ಮನೋವೈದ್ಯರ ಬಳಿಗೆ ಕಳುಹಿಸಲೇಬೇಕಾದ ಸ್ಥಿತಿ ಇರಲಿಲ್ಲ. ಅವಮಾನ ಮಾತ್ರ ಆಳವಾಗಿ ಇಳಿದಿತ್ತು.

ಒಂದು ದೊಡ್ಡ ಕಂಪನಿಯ ಸಂದರ್ಶನದಲ್ಲಿ ಅವರು ಎಲ್ಲ ತಾಂತ್ರಿಕ ಸುತ್ತುಗಳನ್ನೂ ದಾಟಿದ್ದರು. ಸಂಬಳದ ಮಾತೂ ಆಗಿತ್ತು. ಕೊನೆಗೆ ಎಚ್‌ಆರ್ ವಿಭಾಗ ಕಳುಹಿಸಿದ ಅರ್ಜಿಯಲ್ಲಿ 'ಪದವಿ, ವಿಶ್ವವಿದ್ಯಾಲಯ, ಶೇಕಡಾವಾರು ಅಂಕ' ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟು, ಕೆಳಗೆ ಡಿಪ್ಲೊಮಾ ಎಂದು ಬರೆದರು. ಅರ್ಹತೆ ಇಲ್ಲವೆಂದು ಮರುದಿನ ಮೇಲ್ ಬಂತು. "ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸುವ ಹೊತ್ತಿಗೆ ಎಬ್ಬಿಸಿದ ಹಾಗಾಯಿತು" ಎಂದರು. ಅದೇ ಸುಮಾರಿಗೆ, ಅವರೇ ಕೆಲಸ ಕಲಿಸಿದ ಬಿಇ ಹುಡುಗ ಅವರ ಟೀಂ ಲೀಡ್ ಆದ.

ಇಷ್ಟೇ ಆಗಿದ್ದರೆ ನನ್ನ ಕೆಲಸ ಬೇರೆಯಿತ್ತು. ಎರಡನೆಯ ಭೇಟಿಯಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ದಲ್ಲಾಳಿಯೊಬ್ಬ ಹೊರರಾಜ್ಯದ ವಿಶ್ವವಿದ್ಯಾಲಯದ ಬಿಎಸ್ಸಿ ಪದವಿಯನ್ನು, ಹಳೆಯ ವರ್ಷದ ಅಂಕಪಟ್ಟಿಗಳ ಸಮೇತ, ಕೊಡಿಸುತ್ತೇನೆಂದು ಬೆನ್ನುಬಿದ್ದಿದ್ದ. ಪತ್ನಿಯ ಬಳೆಗಳನ್ನು ಅಡವಿಡುವ ಲೆಕ್ಕಾಚಾರ ನಡೆದಿತ್ತು. ಆಕೆಗೆ ಅದು ಗೊತ್ತಾದದ್ದು ನನ್ನ ಕೊಠಡಿಯಲ್ಲೇ.

ಆ ಗಂಟೆಯಿಡೀ ನಾನು ಬೇರೆ ಯಾವ ವಿಷಯವನ್ನೂ ಎತ್ತಲಿಲ್ಲ. ಇದು ಸರಿಯಲ್ಲ ಎನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಉಪದೇಶದ ಬದಲು ಮುಂದೇನಾಗುತ್ತದೆ ಎಂಬುದನ್ನು ಒಂದೊಂದಾಗಿ ಬಿಡಿಸಿಟ್ಟೆವು. ಹೊಸಬರ ಹಿನ್ನೆಲೆ ಪರಿಶೀಲಿಸುವ ಕೆಲಸವನ್ನು ಕಂಪನಿಗಳು ಪ್ರತ್ಯೇಕ ಸಂಸ್ಥೆಗಳಿಗೆ ವಹಿಸುತ್ತವೆ. ಅವರು ವಿಶ್ವವಿದ್ಯಾಲಯಕ್ಕೇ ಬರೆದು ಕೇಳುತ್ತಾರೆ. ಈಗ ಎಷ್ಟೋ ವಿಶ್ವವಿದ್ಯಾಲಯಗಳ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲೇ ಸಿಗುತ್ತವೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಹಾಕಿದರೆ ಯಾವ ವರ್ಷ ಎಲ್ಲಿ ನೌಕರಿಯಲ್ಲಿದ್ದರು ಎಂಬುದೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ವರ್ಷಗಳಲ್ಲೇ ಇನ್ನೊಂದು ರಾಜ್ಯದ ಕಾಲೇಜಿಗೆ ಹೋದದ್ದು ಹೇಗೆ? ನಕಲಿ ದಾಖಲೆಯನ್ನು ಅಸಲಿ ಎಂದು ಬಳಸುವುದು ಅಪರಾಧ. ಸಿಕ್ಕಿಬಿದ್ದರೆ ಹೋಗುವುದು ಆ ಒಂದು ನೌಕರಿ ಮಾತ್ರವಲ್ಲ, ಪ್ರಾಮಾಣಿಕವಾಗಿ ದುಡಿದ ಹತ್ತು ವರ್ಷವನ್ನೂ ಜನ ಸಂಶಯದಿಂದ ನೋಡುತ್ತಾರೆ. ಸಿಕ್ಕಿಬೀಳದಿದ್ದರೂ ಪ್ರತಿಸಲ ಕೆಲಸ ಬದಲಿಸುವಾಗ ಈ ಭಯವನ್ನು ಜೊತೆಗೆ ಕೊಂಡೊಯ್ಯಬೇಕು. ನಿದ್ದೆ ಬರುವುದಿಲ್ಲವೆಂದು ಬಂದ ಮನುಷ್ಯನಿಗೆ ಅದೊಂದು ಬೇಕಿರಲಿಲ್ಲ. ದಲ್ಲಾಳಿಯ ಸಂಖ್ಯೆಯನ್ನು ಅವರು ಪತ್ನಿಯ ಎದುರೇ ಅಳಿಸಿದರು.

ಆಮೇಲೆ ಬಂತು ಅವರ ನಿಜವಾದ ಪ್ರಶ್ನೆ. "ಹಾಗಾದರೆ ಅನುಭವಕ್ಕೆ ಬೆಲೆ ಇಲ್ಲವೇ, ಮೇಡಂ? ಅಮೆರಿಕದ ಕಂಪನಿಗಳು ಪದವಿ ಬೇಡ ಎನ್ನುತ್ತಿವೆಯಂತೆ."

ಅದು ಅರ್ಧ ನಿಜ. ಅಮೆರಿಕದಲ್ಲಿರುವ ತನ್ನ ಹುದ್ದೆಗಳಲ್ಲಿ ಅರ್ಧದಷ್ಟಕ್ಕೆ ಪದವಿಯ ಷರತ್ತು ತೆಗೆದಿರುವುದಾಗಿ ಐಬಿಎಂ 2021ರಲ್ಲಿ ಹೇಳಿತ್ತು. ಮೇರಿಲ್ಯಾಂಡ್ ರಾಜ್ಯ ಸರ್ಕಾರ 2022ರಲ್ಲಿ ಸಾವಿರಾರು ಹುದ್ದೆಗಳಿಗೆ ಹಾಗೆಯೇ ಮಾಡಿತು. ಆದರೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ 2024ರ ವರದಿಯಲ್ಲಿ ಲೆಕ್ಕ ಹಾಕಿದಾಗ, ಈ ಬದಲಾವಣೆಯಿಂದ ನಿಜವಾಗಿ ಲಾಭವಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ಕಂಡಿತು. ಜಾಹೀರಾತು ಬದಲಾದಷ್ಟು ಬೇಗ ನೇಮಿಸುವವರ ಅಭ್ಯಾಸ ಬದಲಾಗಿಲ್ಲ. ನಮ್ಮಲ್ಲಂತೂ ಹತ್ತನೆಯ ತರಗತಿಯಿಂದಲೇ ಶೇ 60 ಅಂಕ ಕೇಳುವ ಕಂಪನಿಗಳಿವೆ. ಕೆಲವು ಕಡೆ ವಿದೇಶಿ ಗ್ರಾಹಕರ ಒಪ್ಪಂದದಲ್ಲೇ ಪದವೀಧರರನ್ನು ಮಾತ್ರ ಹಾಕಬೇಕೆಂದು ಬರೆದಿರುತ್ತದೆ. ಹತ್ತು ವರ್ಷ ಸರ್ವರ್ ಕಾದವನನ್ನು ಹದಿನೈದು ವರ್ಷದ ಹಿಂದಿನ ಬಡತನಕ್ಕಾಗಿ ಹೊರಗಿಡುವುದು ಅನ್ಯಾಯ. ಅದನ್ನು ಅವರಿಗೆ ಸ್ಪಷ್ಟವಾಗಿಯೇ ಹೇಳಿದೆ, ಏಕೆಂದರೆ ಅವರು ಅದನ್ನು ತಮ್ಮ ದಡ್ಡತನವೆಂದು ತಿಳಿದಿದ್ದರು.

ಜೊತೆಗೆ ಇನ್ನೊಂದನ್ನೂ ಹೇಳಿದೆ. ನೇಮಕಾತಿಯಲ್ಲಿ ನಿಮ್ಮನ್ನು ನೋಡುವವರು ಒಬ್ಬರಲ್ಲ. ಸಾವಿರ ಅರ್ಜಿಗಳಲ್ಲಿ ಒಂಬೈನೂರನ್ನು ಬದಿಗಿಡಬೇಕಾದವರಿಗೆ ನಿಮ್ಮ ಪರಿಚಯವಿಲ್ಲ. ಅವರು ಪದವಿ ನೋಡುತ್ತಾರೆ. ಉಳಿದವರಲ್ಲಿ ಯಾರನ್ನು ಕರೆಯಬೇಕೆಂದು ಹುಡುಕುವವರು ತಂತ್ರಜ್ಞಾನಗಳ ಹೆಸರು ಬಲ್ಲರು, ಕೆಲಸ ಅರಿಯರು. ಅಲ್ಲಿ ಸರ್ಟಿಫಿಕೇಟ್ ನೆರವಾಗುತ್ತದೆ. ಅನುಭವ ಕೆಲಸಕ್ಕೆ ಬರುವುದು ಆ ಕೆಲಸವನ್ನೇ ಮಾಡಿದ ಮನುಷ್ಯ ಎದುರು ಕುಳಿತಾಗ. ಅಲ್ಲಿ ಅದರ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ, ಆದರೆ ಅದನ್ನು ಹೇಳಲು ಬರಬೇಕು.

ಮಂಜುನಾಥ ಅವರಿಗೆ ಹೇಳಲು ಬರುತ್ತಿರಲಿಲ್ಲ. ರೆಸ್ಯೂಮೆಯಲ್ಲಿ 'ಲಿನಕ್ಸ್: 10 ವರ್ಷ', 'ಟಿಕೆಟ್ (ದಾಖಲಾದ ದೂರು) ಪರಿಹಾರ', 'ತಂಡದ ಜೊತೆ ಸಮನ್ವಯ' ಎಂದಷ್ಟೇ ಇತ್ತು. ಯಾವುದಾದರೂ ಒಂದು ಕೆಟ್ಟ ರಾತ್ರಿಯ ಬಗ್ಗೆ ಹೇಳಿ ಎಂದೆ. ಆಗ ಹೇಳಿದರು: ಗ್ರಾಹಕರ ಜಾಲತಾಣ ನಿಂತಿತ್ತು. ಡಿಸ್ಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ತೋರಿಸುತ್ತಿದೆ, ಆದರೂ ಜಾಗವಿಲ್ಲವೆಂಬ ದೋಷಸಂದೇಶ. ಎಲ್ಲರೂ ಡಿಸ್ಕ್ ಕೆಟ್ಟಿದೆ ಎಂದು ಹಾರ್ಡ್‌ವೇರ್‌ನವರನ್ನು ಕರೆಯುತ್ತಿದ್ದರು. ಇವರು ಐನೋಡ್‌ಗಳ ಲೆಕ್ಕ ನೋಡಿದರು. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಅದರ ವಿವರ ಇಡುವ ಒಂದು ಐನೋಡ್ ಬೇಕು. ಜಾಗ ಎಷ್ಟೇ ಇರಲಿ, ಐನೋಡ್ ಮುಗಿದರೆ ಹೊಸ ಫೈಲ್ ಹುಟ್ಟುವುದಿಲ್ಲ. ಒಂದು ಅಪ್ಲಿಕೇಶನ್ ಲಕ್ಷಾಂತರ ಪುಟ್ಟ ಸೆಷನ್ ಫೈಲ್‌ಗಳನ್ನು ಅಳಿಸದೆ ಗುಡ್ಡೆ ಹಾಕಿತ್ತು. ಅವನ್ನು ತೆಗೆದು, ಹಳೆಯ ಫೈಲ್‌ಗಳು ದಿನವೂ ತಾವೇ ಅಳಿಯುವಂತೆ ವ್ಯವಸ್ಥೆ ಮಾಡಿ, ಐನೋಡ್ ಕಡಿಮೆಯಾದರೆ ಮೊದಲೇ ಎಚ್ಚರಿಕೆ ಬರುವಂತೆಯೂ ಮಾಡಿದರು.

ಇದನ್ನು ಹೇಳುವಾಗ ಅವರ ದನಿ ಬೇರೆಯೇ ಆಗಿತ್ತು. ನನಗೆ ಸರ್ವರ್ ಗೊತ್ತಿಲ್ಲ, ಆದರೂ ಪೂರ್ತಿ ಅರ್ಥವಾಯಿತು. ಪತ್ನಿಯೂ ಇದನ್ನು ಮೊದಲ ಬಾರಿ ಕೇಳುತ್ತಿದ್ದರು. "ಇದು ರೆಸ್ಯೂಮೆಯಲ್ಲಿ ಎಲ್ಲಿದೆ?" ಎಂದೆ. "ಇದೇನು ದೊಡ್ಡ ವಿಷಯ, ಮೇಡಂ" ಎಂದರು. ಇಂಥ ಐದಾರು ಪ್ರಸಂಗಗಳನ್ನು ಬರೆದು ತರಲು ಹೇಳಿದೆ: ಏನು ಕೆಟ್ಟಿತ್ತು, ಏನೇನು ಅಲ್ಲವೆಂದು ಕಂಡುಕೊಂಡಿರಿ, ಏನು ಮಾಡಿದಿರಿ, ಮತ್ತೆ ಆಗದಂತೆ ಏನು ಮಾಡಿದಿರಿ. ಗ್ರಾಹಕರ ಹೆಸರು, ಗುಟ್ಟಿನ ವಿವರ ಯಾವುದೂ ಬೇಡ. ಮುಂದಿನ ಭೇಟಿಗಳು ಬಹುಮಟ್ಟಿಗೆ ಇವನ್ನು ಗಟ್ಟಿಯಾಗಿ ಹೇಳುವ ಅಭ್ಯಾಸದಲ್ಲೇ ಕಳೆದವು.

ಸರ್ಟಿಫಿಕೇಟ್‌ಗಳ ವಿಷಯ ಬೇಗ ಮುಗಿಯಿತು. ಅವರ ಬಳಿ ಇದ್ದ ಮೂರರಲ್ಲಿ ಎರಡನ್ನು ಡಂಪ್ (ಹಳೆಯ ಪರೀಕ್ಷೆಗಳಿಂದ ಸೋರಿದ ಪ್ರಶ್ನೋತ್ತರಗಳ ಕಟ್ಟು) ಬಾಯಿಪಾಠ ಮಾಡಿ ಪಾಸು ಮಾಡಿದ್ದರು. ಕೇಳಿದರೆ ವಿವರಿಸಲಾಗದ್ದನ್ನು ರೆಸ್ಯೂಮೆಯಿಂದ ತೆಗೆಯಿರಿ ಎಂದೆ. ಬದಲಿಗೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಎಂಬ ಲಿನಕ್ಸ್ ನಿರ್ವಹಣೆಯ ಪರೀಕ್ಷೆ ಬರೆಯಲು ಅವರೇ ನಿರ್ಧರಿಸಿದರು. ಅದರಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ, ಯಂತ್ರದ ಮುಂದೆ ಕುಳಿತು ಕೆಲಸ ಮಾಡಿಯೇ ತೋರಿಸಬೇಕು. ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ, ಶುಲ್ಕವೂ ಹಗುರವಲ್ಲ. ಹಾಗಾಗಿ ಸದ್ಯಕ್ಕೆ ಇದೊಂದೇ ಎಂದು ಗಂಡಹೆಂಡತಿ ಸೇರಿ ತೀರ್ಮಾನಿಸಿದರು.

ಪದವಿಯ ಮಾತಿಗೆ ಬಹಳ ಪ್ರತಿರೋಧವಿತ್ತು. "ಈ ವಯಸ್ಸಿನಲ್ಲಿ ಬಿಸಿಎ ಮಾಡಿ ಹೊಸದೇನು ಕಲಿಯಲಿ?" ಕಲಿಯುವುದಕ್ಕಿಂತ ಆ ಕಾಲಂ ತುಂಬುವುದಕ್ಕಾಗಿ ಮಾಡಿ ಎಂದೆ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿಸಿಎ ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ನೌಕರಿ ಬಿಡಬೇಕಿಲ್ಲ. ಯಾವ ವಿಶ್ವವಿದ್ಯಾಲಯವಾದರೂ ಸೇರುವ ಮುನ್ನ ಆ ವರ್ಷ, ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ನೋಡಲೇಬೇಕು. ನಮ್ಮ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೇ ನಡುವೆ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯಿತು. ಆ ಅವಧಿಯ ವಿದ್ಯಾರ್ಥಿಗಳು ಪಟ್ಟ ಪಾಡು ಅನೇಕರಿಗೆ ನೆನಪಿರಬಹುದು. ದೂರಶಿಕ್ಷಣದ ಬಿಇ ಎಂದು ಯಾರಾದರೂ ಮಾರಿದರೆ ಹತ್ತಿರ ಹೋಗಬೇಡಿ ಎಂದೂ ಹೇಳಿದೆ. ಅಂಥ ಇಂಜಿನಿಯರಿಂಗ್ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರಲ್ಲೇ ತೀರ್ಪು ಕೊಟ್ಟಿದೆ.

ಜರ್ಮನಿಯಲ್ಲಿರುವ ಸ್ನೇಹಿತನ ಮಾತು ಕೇಳಿ ಅವರಿಗೆ ಅಲ್ಲಿಯ ಆಸೆಯೂ ಇತ್ತು. 2023ರ ನವೆಂಬರ್‌ನಿಂದ ಅಲ್ಲಿ ಐಟಿ ಕೆಲಸಗಾರರಿಗೆ, ಹಿಂದಿನ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವವಿದ್ದರೆ, ಪದವಿಯಿಲ್ಲದೆಯೂ ಬ್ಲೂ ಕಾರ್ಡ್ (ಅಲ್ಲಿ ನೆಲೆಸಿ ದುಡಿಯುವ ಪರವಾನಗಿ) ಸಿಗುವ ಅವಕಾಶವಿದೆ. ಆದರೆ ನಿಗದಿತ ಸಂಬಳದ ಉದ್ಯೋಗ ಮೊದಲು ಕೈಯಲ್ಲಿರಬೇಕು. ಈ ಸುದ್ದಿ ಅವರಿಗೆ ನೌಕರಿಗಿಂತ ಹೆಚ್ಚಾಗಿ ಸಮಾಧಾನ ಕೊಟ್ಟಿತು: ತಮ್ಮ ಹತ್ತು ವರ್ಷವನ್ನು ಕಾಗದದ ಮೇಲೂ ಎಣಿಸುವ ಒಂದು ದೇಶವಿದೆ.

ಇಂದಿನ ಸ್ಥಿತಿ ಇಷ್ಟು. ಹಳೆಯ ಸಹೋದ್ಯೋಗಿಯೊಬ್ಬರ ಶಿಫಾರಸಿನ ಮೇಲೆ ಮಧ್ಯಮ ಗಾತ್ರದ ಕಂಪನಿಯೊಂದಕ್ಕೆ ಖಾಯಂ ನೌಕರರಾಗಿ ಸೇರಿದ್ದಾರೆ. ಸಂಬಳ ಹೆಚ್ಚಿದ್ದು ಸ್ವಲ್ಪವೇ. ಸಂದರ್ಶನದಲ್ಲಿ ಐನೋಡ್ ಪ್ರಸಂಗವನ್ನೇ ಹೇಳಿದರಂತೆ, ಎದುರಿದ್ದವರು ಅದರ ಮೇಲೆಯೇ ಬಹಳ ಹೊತ್ತು ಪ್ರಶ್ನೆ ಕೇಳಿದರಂತೆ. ಮೊದಲು ತಿರಸ್ಕರಿಸಿದ ದೊಡ್ಡ ಕಂಪನಿಯ ನಿಯಮ ಹಾಗೆಯೇ ಇದೆ. ಓದಿನ ಬಗ್ಗೆ ಕೇಳಿದರೆ ಮನೆಯ ಕಷ್ಟದ ಕಥೆ ಸೇರಿಸದೆ "ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಈಗ ಬಿಸಿಎ ಓದುತ್ತಿದ್ದೇನೆ" ಎಂದು ನಿಲ್ಲಿಸುವುದು ಅವರಿಗೆ ಈಗ ಸಾಧ್ಯವಾಗಿದೆ. ಗಣಿತದ ಪತ್ರಿಕೆಯೊಂದು ಉಳಿದುಕೊಂಡಿದ್ದು, ಡಿಸೆಂಬರ್ ಪರೀಕ್ಷೆಯಲ್ಲಿ ಮತ್ತೆ ಬರೆಯಬೇಕು. ಅದಕ್ಕೆ ಪಾಳಿ ಬದಲಿಸಿಕೊಡುವಂತೆ ಹೊಸ ಮ್ಯಾನೇಜರ್‌ರನ್ನು ಹೇಗೆ ಕೇಳುವುದು ಎಂಬುದು ನಮ್ಮ ಮುಂದಿನ ಭೇಟಿಯ ವಿಷಯ.