ಅದೇ ಕಣ್ಣು ಮತ್ತೆ ಏಕೆ ಕೆಂಪಾಯಿತು?

ಓದುಗರೊಬ್ಬರ ಪತ್ರ: "ಕಣ್ಣು ಕೆಂಪಾದರೆ ಹೆಚ್ಚಿನ ಸಲ ಅದು ವೈರಸ್ ಸೋಂಕು, ಎರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದ್ದೆ. ಅದನ್ನು ನಂಬಿ ಸುಮ್ಮನಿದ್ದೆ. ಮನೆಯಲ್ಲಿ ಮಿಕ್ಕಿದ್ದ ಸ್ಟೀರಾಯ್ಡ್ ಹನಿಮದ್ದು ಹಾಕಿಕೊಂಡೆ. ಎರಡು ದಿನ ಹಾಯೆನಿಸಿತು, ಆಮೇಲೆ ದೃಷ್ಟಿ ಮಂಜಾಯಿತು. ವೈದ್ಯರು ಹರ್ಪಿಸ್ ಎಂದರು. ಹೆಸರು ಕೇಳಿಯೇ ಕುಗ್ಗಿಹೋದೆ. ವರ್ಷ ತುಂಬುವ ಮೊದಲೇ ಅದೇ ಎಡಗಣ್ಣು ಮತ್ತೆ ಕೆಂಪಾಗಿದೆ. ಹಿಂದೆ ಸ್ಟೀರಾಯ್ಡ್ ಮುಟ್ಟಬೇಡಿ ಎಂದ ವೈದ್ಯರೇ ಈಗ ಅದನ್ನು ಬರೆದುಕೊಟ್ಟಿದ್ದಾರೆ. ಇದು ನನಗೆ ಯಾರಿಂದ ಬಂತು? ಮೊಮ್ಮಗುವನ್ನು ಎತ್ತಿಕೊಳ್ಳಬಹುದೆ?"

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದ ಮೇಲೆ ಆ ಹಳೆಯ ಸಂಚಿಕೆ ತೆಗೆದು ನೋಡಿದೆ. ಬರೆದದ್ದು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಇರಬೇಕಿತ್ತು: ಕಣ್ಣೊಳಗೆ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಸುಕಾದರೆ ಒಂದು ದಿನವೂ ಕಾಯಬಾರದು. ಅದನ್ನು ಬಿಟ್ಟದ್ದು ನಮ್ಮ ತಪ್ಪು, ಕ್ಷಮೆ ಕೇಳುತ್ತೇನೆ.

ಆ ಲೇಖನ ಹೇಳಿದ್ದು ಅಡಿನೊವೈರಸ್ ತರುವ ಕಣ್ಣುಬೇನೆಯನ್ನು, ನಾವು 'ಮದ್ರಾಸ್ ಐ' ಎನ್ನುವುದು ಹೆಚ್ಚಾಗಿ ಇದನ್ನೇ. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವೇ ದಿನಗಳಲ್ಲಿ ಇನ್ನೊಂದಕ್ಕೂ ಹಬ್ಬುತ್ತದೆ. ನೀರು ಸುರಿಯುತ್ತದೆ, ಕಿವಿಯ ಮುಂದೆ ಸಣ್ಣ ಗಂಟು ಊದಿಕೊಳ್ಳಬಹುದು. ರೋಗಿಯ ಕಣ್ಣನ್ನು ನೋಡಿದ ಮಾತ್ರಕ್ಕೆ ಇದು ಅಂಟುವುದಿಲ್ಲ. ಅಂಟುವುದು ಕೈಯಿಂದ, ಟವೆಲಿನಿಂದ, ದಿಂಬಿನ ಚೀಲದಿಂದ. ಒಣ ವಸ್ತುಗಳ ಮೇಲೂ ಈ ವೈರಸ್ ವಾರಗಟ್ಟಲೆ ಬದುಕಬಲ್ಲದು.

ನಿಮ್ಮದು ಬೇರೆಯೇ ಕಥೆ. ಹರ್ಪಿಸ್ ಎಂದರೆ ಲೈಂಗಿಕ ಕಾಯಿಲೆ ಎಂದು ತಿಳಿದು ನೀವು ಕುಗ್ಗಿದ್ದೀರಿ ಎಂದು ನನ್ನ ಊಹೆ. ಕಣ್ಣಿಗೆ ಬರುವುದು ಬಹುಪಾಲು ಹರ್ಪಿಸ್ ಸಿಂಪ್ಲೆಕ್ಸ್‌ನ ಮೊದಲ ಬಗೆ. ಜ್ವರ ಬಂದಾಗ ಹಲವರ ತುಟಿಯಂಚಿನಲ್ಲಿ ನೀರ್ಗುಳ್ಳೆ ಏಳುತ್ತದಲ್ಲ, ಅದೇ ವೈರಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದಿದೆ. ಹೆಚ್ಚಿನವರಿಗೆ ಬರುವುದು ಬಾಲ್ಯದಲ್ಲಿ, ಮನೆಯವರು ಕೊಟ್ಟ ಮುತ್ತಿನ ಎಂಜಲಿನಿಂದ. ಯಾರಿಂದ ಬಂತೆಂದು ಈಗ ಹುಡುಕಿ ಪ್ರಯೋಜನವಿಲ್ಲ, ನಾಚಿಕೆಪಡಲು ಕಾರಣವಂತೂ ಇಲ್ಲವೇ ಇಲ್ಲ.

ಒಳಹೊಕ್ಕ ವೈರಸ್ ಮತ್ತೆ ಹೊರಗೆ ಹೋಗುವುದಿಲ್ಲ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಮಲಗಿರುತ್ತದೆ. ಈ ಗಂಟು ಎಡಕ್ಕೊಂದು, ಬಲಕ್ಕೊಂದು. ಎಡಗಡೆಯದರಲ್ಲಿ ಮಲಗಿದ್ದು ಎದ್ದಾಗ ಅದೇ ನರದ ದಾರಿ ಹಿಡಿದು ಎಡಗಣ್ಣಿಗೇ ಬರುತ್ತದೆ. ಅದೇ ಕಣ್ಣು ಮತ್ತೆ ಕೆಂಪಾಗಿರುವುದು ಹೀಗೆ.

ಮೊದಲ ಸಲ ವೈದ್ಯರು ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ತುದಿ ಮುಟ್ಟಿಸಿ ನೀಲಿ ಬೆಳಕು ಬಿಟ್ಟು ನೋಡಿರಬೇಕು. ಆ ಬಣ್ಣ ಫ್ಲೋರೆಸಿನ್. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ. ಅದರ ಮೇಲ್ಪದರ ಕಿತ್ತುಹೋದ ಕಡೆ ಈ ಬಣ್ಣ ಹಸಿರಾಗಿ ಹೊಳೆಯುತ್ತದೆ. ಹರ್ಪಿಸ್ ಹುಣ್ಣಾದರೆ ಎಲೆ ಉದುರಿದ ಮರದ ಕೊಂಬೆಯ ಹಾಗೆ ಕವಲೊಡೆದು ಕಾಣುತ್ತದೆ, ಪ್ರತಿ ಕವಲಿನ ತುದಿಯಲ್ಲೂ ಮೊಗ್ಗಿನಂಥ ಉಬ್ಬು. ಹತ್ತಿಯ ಎಳೆಯೊಂದನ್ನು ಕಾರ್ನಿಯಾಕ್ಕೆ ಮೆಲ್ಲಗೆ ಸೋಕಿಸಿಯೂ ನೋಡುತ್ತಾರೆ. ಸರಿಯಿರುವ ಕಣ್ಣು ಥಟ್ಟನೆ ರೆಪ್ಪೆ ಬಡಿಯುತ್ತದೆ. ಪದೇಪದೇ ಹರ್ಪಿಸ್ ಬಂದ ಕಣ್ಣಿಗೆ ಎಳೆ ತಾಗಿದ್ದೇ ಸರಿಯಾಗಿ ತಿಳಿಯದೆ ಹೋಗಬಹುದು. ನೋವು ಕಡಿಮೆ ಇದ್ದರೆ ರೋಗವೂ ಕಡಿಮೆ ಎಂದು ಈ ಕಾಯಿಲೆಯಲ್ಲಿ ಲೆಕ್ಕ ಹಾಕಬೇಡಿ.

ಇನ್ನು ಸ್ಟೀರಾಯ್ಡ್. ಮೇಲ್ಪದರದಲ್ಲಿ ಹಸಿ ಹುಣ್ಣಿರುವಾಗ ವೈರಸ್ ಅಲ್ಲಿ ಮರಿ ಹಾಕುತ್ತಿರುತ್ತದೆ. ಆಗ ಬರಿಯ ಸ್ಟೀರಾಯ್ಡ್ ಬಿಟ್ಟರೆ ಕೆಂಪು ಇಳಿಯುತ್ತದೆ, ಯಾಕೆಂದರೆ ವೈರಸ್ಸಿನೊಡನೆ ಹೋರಾಡುತ್ತಿದ್ದ ನಿಮ್ಮ ಮೈಯ ಪಡೆಯನ್ನೇ ಅದು ಕಟ್ಟಿಹಾಕುತ್ತದೆ. ಎರಡು ದಿನದ ಹಾಯಿ ಬಂದದ್ದು ಅಲ್ಲಿಂದ, ಹುಣ್ಣು ಹಿಗ್ಗಿ ಮಂಜು ಕವಿದದ್ದೂ ಅಲ್ಲಿಂದಲೇ. ಈ ಸಲ ತೊಂದರೆ ಕಾರ್ನಿಯಾದ ಒಳಪದರದಲ್ಲಿ ಇರಬಹುದು. ಅಲ್ಲಿ ಹೆಚ್ಚು ಹಾನಿ ಮಾಡುವುದು ಮೈಯ ಪಡೆಯೇ. ಅದನ್ನು ತಣಿಸದಿದ್ದರೆ ಕಲೆ ಕಟ್ಟಿ ಕಣ್ಣಿಗೆ ಹೂವು ಬೀಳುತ್ತದೆ. ಅದಕ್ಕಾಗಿಯೇ ಸ್ಟೀರಾಯ್ಡ್ ಕೊಡುತ್ತಾರೆ, ವೈರಸ್ ತಲೆಯೆತ್ತದಂತೆ ಅಸೈಕ್ಲೊವಿರ್‌ನಂಥ ಔಷಧವನ್ನೂ ಜೊತೆಗೆ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ವೈದ್ಯರನ್ನು ಕೇಳಿ. ಕಣ್ಣು ತಿಳಿಯಾಯಿತೆಂದು ಹನಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಹಂತಹಂತವಾಗಿ ಇಳಿಸಬೇಕು.

ಮರುಕಳಿಸದಂತೆ ತಡೆಯಲು ದಾರಿಯಿದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 703 ಮಂದಿಯನ್ನು ಗಮನಿಸಿದರು. ಒಂದು ವರ್ಷ ದಿನಕ್ಕೆರಡು ಸಲ 400 ಮಿಲಿಗ್ರಾಂ ಅಸೈಕ್ಲೊವಿರ್ ನುಂಗಿದವರಲ್ಲಿ 19 ಶೇಕಡಾ ಜನರಿಗೆ ಮರುಕಳಿಸಿತು. ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ಅದು 32 ಶೇಕಡಾ. ನಿಮಗದು ಬೇಕೇ ಎಂಬುದನ್ನು ನಿಮ್ಮ ಮೂತ್ರಪಿಂಡದ ಆರೋಗ್ಯವನ್ನೂ ನೋಡಿ ವೈದ್ಯರು ಹೇಳಬೇಕು. ನಾನು ವೈದ್ಯನಲ್ಲ, ಆದರೆ ಈ ಪ್ರಶ್ನೆಯನ್ನು ಕೇಳದೆ ಬರಬೇಡಿ.

ಇದೇ ಕುಟುಂಬದ ಇನ್ನೊಂದು ವೈರಸ್ ಬಗ್ಗೆಯೂ ಎಲ್ಲ ಓದುಗರಿಗೆ ಹೇಳಿಬಿಡುತ್ತೇನೆ. ಸರ್ಪಸುತ್ತು ಹಣೆಯ ಒಂದು ಬದಿಗೆ ಎದ್ದು, ಮೂಗಿನ ತುದಿಯಲ್ಲೂ ಗುಳ್ಳೆ ಕಂಡರೆ ಕಣ್ಣಿಗೆ ತಗಲುವ ಸಂಭವ ಹೆಚ್ಚು, ಎರಡಕ್ಕೂ ಹೋಗುವ ನರ ಒಂದೇ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು. ದಯವಿಟ್ಟು ಲೇಪ ಹಚ್ಚಿಕೊಂಡು ಕಾಯುತ್ತಾ ಕೂರಬೇಡಿ.

ಮೊಮ್ಮಗುವನ್ನು ಖಂಡಿತ ಎತ್ತಿಕೊಳ್ಳಿ. ಕಣ್ಣು ಕೆಂಪಾಗಿರುವಷ್ಟು ದಿನ ಅದನ್ನು ಮುಟ್ಟಿಕೊಂಡ ಕೈಯನ್ನು ಸೋಪಿನಲ್ಲಿ ತೊಳೆದು ಎತ್ತಿಕೊಳ್ಳಿ, ಟವೆಲ್ ಬೇರೆ ಇಡಿ. ತುಟಿಯಲ್ಲಿ ಗುಳ್ಳೆ ಎದ್ದ ದಿನಗಳಲ್ಲಿ ಮಾತ್ರ ಮುತ್ತು ಬೇಡ. ಮಗು ಇನ್ನೂ ತಿಂಗಳು ತುಂಬದ ಹಸುಗೂಸಾಗಿದ್ದರೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ, ಅಷ್ಟು ಎಳೆಯ ಮೈಗೆ ಈ ವೈರಸ್ ಪ್ರಾಣಕ್ಕೇ ಅಪಾಯ ತರಬಲ್ಲದು. ಮನೆಯಲ್ಲಿ ಮಿಕ್ಕಿರುವ ಆ ಹಳೆಯ ಹನಿಮದ್ದಿನ ಬಾಟಲಿಯನ್ನು, ಇನ್ಯಾರೂ ಕಣ್ಣಿಗೆ ಹಾಕಿಕೊಳ್ಳುವ ಮೊದಲು, ಎಸೆದುಬಿಡಿ.

ಸಂಪಾದಕ