ಕಾಸರಗೋಡಿನ ಕಡೆ ಕೋವಿ ಲೈಸೆನ್ಸು ಅಂದರೆ

ಮಂಗಳೂರಿಗೆ ಹೋಗಿ ಒಂದು ಕೋವಿ ಕೊಂಡುಬರಬಹುದಾ ಅಂತ ಕೇಳಿದ್ದೀರಿ. ಇಲ್ಲ, ದುಡ್ಡು ಹಿಡಿದುಕೊಂಡು ಹೋದರೆ ಕೋವಿ ಕೊಡುವುದಿಲ್ಲ. ಬೆಂಗಳೂರು ಬಿಟ್ಟು ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಅಡಿಕೆ ತೋಟ ತೆಗೆದುಕೊಂಡಿದ್ದೀರಿ, ಕಾಡುಹಂದಿ ಬಂದು ಬುಡ ಅಗೆಯುತ್ತಿದೆ, ಹಾಗಾಗಿ ಕೇಳಿದ್ದೀರಿ. ಸರಿಯೇ. ಆದರೆ ಮೊದಲು ಲೈಸೆನ್ಸು, ಆಮೇಲೆ ಅಂಗಡಿ.

ಕಾನೂನು ದೇಶಕ್ಕೆಲ್ಲ ಒಂದೇ, 1959ರ ಶಸ್ತ್ರಾಸ್ತ್ರ ಕಾಯ್ದೆ. 21 ವರ್ಷ ತುಂಬಿರಬೇಕು. ನಿಮ್ಮ ಬೆಂಗಳೂರಲ್ಲಿ ಪೊಲೀಸ್ ಕಮಿಷನರ್ ಕೊಡುತ್ತಾರೆ, ಇಲ್ಲಿ ಕಲೆಕ್ಟರ್. ವೈದ್ಯರ ಸರ್ಟಿಫಿಕೇಟು ಬೇಕು, ಮನಸ್ಸಿನ ಆರೋಗ್ಯವೂ ಅದರಲ್ಲಿ ಸೇರಿದೆ. ಕೋವಿಯನ್ನು ಭದ್ರವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ಬೆಳೆ ರಕ್ಷಣೆಗೆ ಅಂತ ಕೇಳಿದರೆ ಜಾಗದ ಕಾಗದವೂ ಬೇಕು. ಪಹಣಿ ಅಂತ ಕೇಳಬೇಡಿ, ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ. ವಿಲೇಜ್ ಆಫೀಸಿನ ತೆರಿಗೆ ರಶೀದಿ ಇಟ್ಟುಕೊಳ್ಳಿ. ಅದು ಮಲಯಾಳದಲ್ಲಿ ಇರುತ್ತದೆ, ಓದಲು ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ.

ಇನ್ನು ಪೊಲೀಸ್ ವಿಚಾರಣೆ. ನಿಮ್ಮ ಮೇಲೆ ಕೇಸು ಇದೆಯಾ ಅಂತ ಠಾಣೆಯಲ್ಲಿ ನೋಡುವುದು ಸುಲಭದ ಕೆಲಸ. ಅಸಲಿ ವಿಚಾರಣೆ ಆಗುವುದು ಪಕ್ಕದ ತೋಟದವರ ಜಗಲಿಯಲ್ಲಿ, ಪೇಟೆಯ ಚಾ ಹೋಟೆಲಿನಲ್ಲಿ. 'ಜನ ಹೇಗೆ? ಕುಡಿಯುವುದುಂಟಾ? ಯಾರ ಹತ್ತಿರವಾದರೂ ತಕರಾರು ಉಂಟಾ?' ಅಂತ ಸುಮ್ನೆ ಮಾತಾಡಿದ ಹಾಗೆ ಕೇಳುತ್ತಾರೆ. ಹೊಸಬರ ಬಗ್ಗೆ ಜಾಸ್ತಿಯೇ ಕೇಳುತ್ತಾರೆ. ನಿಮ್ಮ ಮೇಲಿನ ತೋಟದವರ ಜೊತೆ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲ) ನೀರಿಗೆ ಕಿರಿಕಿರಿ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಕಂಪ್ಯೂಟರಿಗೆ ಗೊತ್ತಿಲ್ಲದ್ದು ಚಾ ಹೋಟೆಲಿಗೆ ಗೊತ್ತಿರುತ್ತದೆ. ನನ್ನನ್ನು ಕೇಳಿದರೆ, ಇಡೀ ವ್ಯವಸ್ಥೆಯಲ್ಲಿ ನಂಬಬಹುದಾದ ಭಾಗ ಇದೇ.

ಹಳೆ ಮನೆತನಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಹಳೆ ಕೋವಿ, ಇರುತ್ತದೆ. ಅಜ್ಜ ಹೋದಮೇಲೆ ಅದು ತಾನಾಗಿ ಮೊಮ್ಮಗನದ್ದು ಆಗುವುದಿಲ್ಲ, ಅವನೂ ಹೊಸದಾಗಿ ಅರ್ಜಿ ಹಾಕಬೇಕು. ಅಜ್ಜ ಬದುಕಿದ್ದಾಗಲೂ ವಾರಸುದಾರರಿಗೆ ಕೊಡಬಹುದು, 70 ವರ್ಷ ದಾಟಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸು 5 ವರ್ಷಕ್ಕೆ.

ಗಡಿಯ ತಾಪತ್ರಯ ಬೇರೆ. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಅಂತ ಬರೆದಿರುತ್ತಾರೆ. ದೇಲಂಪಾಡಿಯಲ್ಲಿ ಮನೆ, ಗಡಿಯಾಚೆ ಕರ್ನಾಟಕದ ಸುಳ್ಯ ತಾಲೂಕಿನಲ್ಲಿ ತೋಟ ಇರುವವರು ನಮ್ಮಲ್ಲಿದ್ದಾರೆ. ಕಾಗದದಲ್ಲಿ ಕೇರಳ ಮಾತ್ರ ಇದ್ದರೆ ಗಡಿ ದಾಟಿ ಜಾಲ್ಸೂರಿನ ಕಡೆ ಕೋವಿ ಒಯ್ಯುವ ಹಾಗಿಲ್ಲ, ಅದು ಸ್ವಂತ ತೋಟವೇ ಆದರೂ.

ಕೊಡಗಿನಲ್ಲಿ ಲೈಸೆನ್ಸೇ ಬೇಡ ಅಂತ ಯಾರೋ ಹೇಳಿರಬೇಕು, ಅಲ್ವಾ? ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ. ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಮುಂದುವರಿಸಿದ್ದಾರೆ. 2021ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಅದು ನಿಮಗೂ ಇಲ್ಲ, ನನಗೂ ಇಲ್ಲ.

ಲೈಸೆನ್ಸು ಸಿಕ್ಕಿತು ಅಂದ ಮಾತ್ರಕ್ಕೆ ಹಂದಿಗೆ ಗುಂಡು ಹಾರಿಸಬಹುದು ಅಂತಲೂ ಅಲ್ಲ. ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಹಂದಿಯನ್ನು ಕೊಲ್ಲಲು ಬೇರೆ ಅನುಮತಿ ಬೇಕು, ಅದನ್ನು ಕೊಡುವ ಅಧಿಕಾರವನ್ನು ಕೇರಳದಲ್ಲಿ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟರು. ಸತ್ತ ಹಂದಿಯನ್ನು ಹೂಳಬೇಕು, ಸಾರು ಮಾಡುವ ಆಸೆ ಬೇಡ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಡಿ ಅಂತ ನೋಟಿಸು ಬರುತ್ತದೆ. ಆ ದಿನಗಳಲ್ಲಿ ಹಂದಿಗೆ ಹಬ್ಬ.

ಹಾಗಾಗಿ ಈ ವರ್ಷಕ್ಕೆ ಕೋವಿಯ ಆಸೆ ಬಿಡಿ. ಪಂಚಾಯತಿಗೆ ಹೋಗಿ ಬೆಳೆ ಹಾಳಾದದ್ದಕ್ಕೆ ಫೋಟೋ ಸಮೇತ ಅರ್ಜಿ ಕೊಡಿ. ಲೈಸೆನ್ಸು ಇದ್ದು ಹಂದಿಗೆ ಗುಂಡು ಹೊಡೆಯುವವರು ಯಾರಿದ್ದಾರೆ ಅಂತ ಅಲ್ಲೇ ಕೇಳಿ. ತೋಟಕ್ಕೆ ಸೋಲಾರ್ ಬೇಲಿಯನ್ನೂ ಹಾಕಿಸಿ, ಮಳೆ ಹಿಡಿಯುವ ಮೊದಲು.