ಆನ್‌ಲೈನ್ ಚೆಸ್‌ನಲ್ಲಿ ರೇಟಿಂಗ್ 1100 ದಾಟುತ್ತಿಲ್ಲ, ಏನು ಮಾಡಬೇಕು?

ವಯಸ್ಸು 34, ದಿನವೂ ತುಮಕೂರಿನಿಂದ ಯಶವಂತಪುರಕ್ಕೆ ರೈಲು ಪ್ರಯಾಣ, ದಾರಿಯುದ್ದಕ್ಕೂ ಮೂರು ನಿಮಿಷದ ಆಟಗಳು, ರಾತ್ರಿ ಓಪನಿಂಗ್ (ಆಟದ ಆರಂಭದ ನಡೆಗಳ) ವಿಡಿಯೊಗಳು, ಆದರೂ ಚೆಸ್.ಕಾಮ್‌ನಲ್ಲಿ ರೇಟಿಂಗ್ 1100ರಿಂದ ಮೇಲೇಳುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಅದೇ ರೈಲಿನ ಪಾಸುದಾರ. ಆಟದಲ್ಲಿ ನಿಮಗಿಂತ ಕೆಲವು ಮೆಟ್ಟಿಲು ಮೇಲಿದ್ದೇನೆ, ಅಷ್ಟೇ. ಪಂಡಿತನ ಉತ್ತರ ಎಂದುಕೊಳ್ಳಬೇಡಿ.

ಮೊದಲು ವಿಡಿಯೊಗಳ ವಿಷಯ ಮುಗಿಸಿಬಿಡೋಣ. ಅವು ಮನರಂಜನೆ, ನೋಡಿ, ತಪ್ಪೇನಿಲ್ಲ, ಆದರೆ ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ನೀವು ಹದಿನೈದು ನಡೆಗಳನ್ನು ಬಾಯಿಪಾಠ ಮಾಡಿ ಕುಳಿತರೆ ನಮ್ಮ ಮಟ್ಟದ ಎದುರಾಳಿ ಐದನೆಯ ನಡೆಗೇ ಅಡ್ಡದಾರಿ ಹಿಡಿದಿರುತ್ತಾನೆ. ಬಿಳಿಗೆ ಇಟಾಲಿಯನ್, ಕಪ್ಪಿಗೆ ಕಾರೊ-ಕಾನ್, ಈ ಎರಡು ಓಪನಿಂಗ್‌ಗಳನ್ನಷ್ಟೇ ಇಟ್ಟುಕೊಂಡು ವರ್ಷಗಟ್ಟಲೆ ಆಡಬಹುದು.

ನಮ್ಮಂಥವರು ಸೋಲುವುದು ಓಪನಿಂಗ್‌ನಲ್ಲಲ್ಲ, ಕಣ್ಣೆದುರಿಗೆ ಇದ್ದದ್ದನ್ನು ನೋಡದೆ. ಎದುರಾಳಿ ನಡೆಸಿದ ಕೂಡಲೇ ಅವನು ಯಾವುದಕ್ಕೆ ಗುರಿಯಿಟ್ಟ ಎಂದು ಎಲ್ಲರೂ ನೋಡುತ್ತಾರೆ. ಆ ಕಾಯಿ ಇದುವರೆಗೆ ಯಾವ ಮನೆಯನ್ನು ಕಾಯುತ್ತಿತ್ತು, ಈಗ ಯಾವುದನ್ನು ಬಿಟ್ಟು ಹೋಯಿತು ಎಂದು ನೋಡುವವರು ಕಡಿಮೆ. ಒಂದು ಉದಾಹರಣೆ ಕೊಡುತ್ತೇನೆ (ಮನೆಯ ಹೆಸರಿನಲ್ಲಿ ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು). ಕಪ್ಪಿನವನು ಕ್ಯಾಸ್ಲಿಂಗ್ ಮಾಡಿಕೊಂಡಿದ್ದಾನೆ: ರಾಜ ಜಿ8ರಲ್ಲಿ, ಆನೆ ಎಫ್8ರಲ್ಲಿ, ಮುಂದಿನ ಮೂರು ಕಾಲಾಳುಗಳು ಕದಲಿಲ್ಲ. ನಿಮ್ಮ ರಾಣಿ ಡಿ3ರಲ್ಲಿ, ಅದರ ಬೆನ್ನಿಗೆ ಸಿ2ರಲ್ಲಿ ಒಂಟೆ. ಎಫ್6ರಲ್ಲಿರುವ ಅವನ ಕುದುರೆಯೊಂದೇ ಎಚ್7 ಮನೆಯನ್ನು ಹಿಡಿದು ನಿಲ್ಲಿಸಿದೆ. ಅವನು ನಿಮ್ಮ ಎಚ್2 ಮೇಲೆ ಆಸೆಪಟ್ಟು ಆ ಕುದುರೆಯನ್ನು ಜಿ4ಕ್ಕೆ ಹಾರಿಸುತ್ತಾನೆ. ನಿಮಗೆ ಕಾಣುವುದು ಎಚ್2ರ ಅಪಾಯ. ಗಾಬರಿಯಾಗಿ ಜಿ3 ಆಡುತ್ತೀರಿ. ಆದರೆ ಎಚ್7ರ ಕಾವಲು ಹೋಗಿದೆ. ರಾಣಿಯಿಂದ ಆ ಕಾಲಾಳನ್ನು ಹೊಡೆದರೆ ಅಲ್ಲಿಗೇ ಚೆಕ್‌ಮೇಟ್. ಇಂಥ ಅವಕಾಶಗಳು ನಮ್ಮ ಆಟಗಳಲ್ಲಿ ಎರಡೂ ಕಡೆ ಬಂದು ಹೋಗುತ್ತಲೇ ಇರುತ್ತವೆ, ಯಾರೂ ಗಮನಿಸುವುದಿಲ್ಲ.

ಇದನ್ನು ಮೂರು ನಿಮಿಷದ ಆಟದಲ್ಲಿ ರೂಢಿಸಿಕೊಳ್ಳಲು ಆಗುವುದಿಲ್ಲ, ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಮನೆಗೆ ಬಂದ ಮೇಲೆ 15+10ರ ಒಂದು ಆಟ ಆಡಿ. ಹದಿನೈದು ನಿಮಿಷದ ಜೊತೆಗೆ ಪ್ರತಿ ನಡೆಗೂ ಹತ್ತು ಸೆಕೆಂಡ್ ಸೇರುತ್ತ ಹೋಗುವುದರಿಂದ, ಗೆಲ್ಲಬೇಕಾದ ಕೊನೆಯಾಟವನ್ನು ಗಡಿಯಾರಕ್ಕೆ ಒಪ್ಪಿಸಿ ಬರುವ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ರೈಲಿನಲ್ಲಿ ಪಜಲ್ ಬಿಡಿಸಿ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಅವೆಲ್ಲ ಉಚಿತ, ಜನರು ನಿಜವಾಗಿ ಆಡಿದ ಆಟಗಳಿಂದಲೇ ತೆಗೆದವು. ಹಿರೇಹಳ್ಳಿ ದಾಟಿದ ಮೇಲೆ ಸಿಗ್ನಲ್ ಕೈಕೊಟ್ಟರೂ ಪಜಲ್‌ನಲ್ಲಿ ರೇಟಿಂಗ್ ಅಂಕ ಕಳೆದುಕೊಳ್ಳುವ ಭಯವಿಲ್ಲ. ಒಂದೇ ನಿಯಮ: ಪೂರ್ತಿ ಲೆಕ್ಕ ಹಾಕುವವರೆಗೆ ಬೆರಳು ಪರದೆಯನ್ನು ಮುಟ್ಟಬಾರದು. ಊಹೆಯ ಮೇಲೆ ಹೊಡೆದದ್ದು ಸರಿಯಾದರೂ ಕಲಿತಂತಾಗುವುದಿಲ್ಲ.

ಸೋತ ಕೂಡಲೇ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ತೆರೆಯಬೇಡಿ. ಅದು ಸರಿಯಾದ ನಡೆಯನ್ನು ಹೇಳುತ್ತದೆ. ನೀವು ಯಾಕೆ ಅದನ್ನು ನೋಡಲಿಲ್ಲ ಎಂದು ಹೇಳುವುದಿಲ್ಲ. ನಾನೊಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸೋಲಿನ ಎದುರಿಗೆ ಎರಡು ಮೂರು ಪದ: ‘ಕುದುರೆ ಕಾಣಲಿಲ್ಲ’, ‘ಸಿಟ್ಟು’, ‘ಹಿಂದಿನ ಸಾಲಿನಲ್ಲಿ ಮೇಟ್’, ‘ಗೆದ್ದೆನೆಂದುಕೊಂಡೆ’. ಎಂಜಿನ್ ಅದಾದ ಮೇಲೆ. ಪುಟ ತುಂಬಿದಾಗ ಒಂದೇ ಕಾರಣ ಮೇಲಿಂದ ಮೇಲೆ ಕಾಣಿಸುತ್ತದೆ, ಮುಂದಿನ ತಿಂಗಳು ಏನು ಅಭ್ಯಾಸ ಮಾಡಬೇಕೆಂದು ಬೇರೆಯವರನ್ನು ಕೇಳಬೇಕಾಗಿಲ್ಲ. ನನ್ನ ಪುಟಗಳಲ್ಲಿ ಕುದುರೆಯದೇ ಕಾರುಬಾರು.

ಕೊನೆಯಾಟಗಳಲ್ಲಿ ರಾಜ ಮತ್ತು ಕಾಲಾಳುಗಳದ್ದನ್ನು ಮೊದಲು ಕಲಿಯಿರಿ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, 55ನೇ ನಡೆಯಿಂದ ನೋಡಿ. ಬಿಳಿ ಕಾಯಿಗಳಿಂದ ಆಡುತ್ತಿದ್ದ ಚೀನಾದ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಒಡ್ಡಿದರು. ಕಪ್ಪಿನ ಕಡೆಯ ನಮ್ಮ ಗುಕೇಶ್ ಆನೆಗಳನ್ನು ಹೊಡೆದಾಡಿಸಿ, ಮರುನಡೆಯಲ್ಲೇ ಒಂಟೆಯನ್ನು ಡಿ5ಕ್ಕೆ ಇಟ್ಟು ಒಂಟೆಗಳನ್ನೂ ಬೋರ್ಡಿನಿಂದ ಇಳಿಸಿದರು. ಉಳಿದದ್ದು ರಾಜರು ಮತ್ತು ಕಾಲಾಳುಗಳು, ಗುಕೇಶರದು ಒಂದು ಹೆಚ್ಚು. ಬಿಳಿಯ ರಾಜ ಇ3ಕ್ಕೆ, ಕಪ್ಪಿನ ರಾಜ ಇ5ಕ್ಕೆ. ನಡುವೆ ಒಂದೇ ಮನೆ, ಆಡುವ ಸರದಿ ಬಿಳಿಯದು, ಎತ್ತ ಸರಿದರೂ ದಾರಿ ಬಿಡಲೇಬೇಕು. ಡಿಂಗ್ ಆಟ ಬಿಟ್ಟುಕೊಟ್ಟರು. ರಾಜರ ಈ ಮುಖಾಮುಖಿಯನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಮ್ಮ ಮಟ್ಟದಲ್ಲಿ ಇದು ಗೊತ್ತಿಲ್ಲದೆ ಡ್ರಾ ಆಗುವ, ಸೋಲುವ ಆಟಗಳು ಬಹಳ.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರಿಗೆ ಆ ಪಟ್ಟ ಬಂದದ್ದು 2017ರಲ್ಲಿ, ಮೂವತ್ತೈದು ದಾಟಿದ ಮೇಲೆ. ಅವರು ಅದಕ್ಕೂ ಮುಂಚೆ ಎಷ್ಟೋ ವರ್ಷ ಬೆವರು ಹರಿಸಿದವರು, ಅವರೊಂದಿಗೆ ನಮ್ಮನ್ನು ಹೋಲಿಸಿಕೊಳ್ಳುವುದು ಬೇಡ. ಆದರೆ 1100ರಿಂದ 1400ಕ್ಕೆ ಏರಲು 34 ಅಡ್ಡಿಯಲ್ಲ. ಲಿಚೆಸ್‌ನಲ್ಲಿ ಖಾತೆ ತೆರೆದ ಕೂಡಲೇ ಏರಿಬಿಟ್ಟೆ ಎಂದು ಮಾತ್ರ ಹಿಗ್ಗಬೇಡಿ. ಅಲ್ಲಿ ಎಲ್ಲರ ಲೆಕ್ಕವೂ 1500ರಿಂದಲೇ ಶುರುವಾಗುತ್ತದೆ, ನಮ್ಮ ಮಟ್ಟದವರ ಅಂಕ ಸಾಮಾನ್ಯವಾಗಿ ಅಲ್ಲಿ ಹೆಚ್ಚೇ ಇರುತ್ತದೆ. ಏರಿಳಿತವನ್ನು ಒಂದೇ ಜಾಗದಲ್ಲಿ, ಒಂದೇ ಕಾಲಮಿತಿಯ ಆಟದಲ್ಲಿ ನೋಡಿಕೊಳ್ಳಿ.